ಹಾಡುವವರ ಹಿಂದೆ ಪೆಡಲ್ ಸ್ಟೀಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ಪೆಡಲ್ ಸ್ಟೀಲ್ ಗಿಟಾರ್ ಎಂಬ ಈ ವಾದ್ಯ ಹೊತ್ತುಕೊಂಡು ತಿರುಗಿ ಹನ್ನೆರಡು ವರ್ಷ ಆಯಿತು. ಕಾರ್ಯಕ್ರಮ ಮುಗಿದು ತಂತಿ ಒರೆಸುತ್ತಿರುವಾಗ ಜನ ಸುತ್ತ ನಿಂತು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕಲಿಯುವ ಹುಡುಗರು ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳುವುದೂ ಇವನ್ನೇ. ಒಂದು ಕಡೆ ಬರೆದಿಟ್ಟರೆ ಅವರಿಗೂ ಅನುಕೂಲ, ನನಗೂ ನಿದ್ದೆ.

ಇದೇನು ವಾದ್ಯ? ನೋಡಿದರೆ ಹೊಲಿಗೆ ಮಷಿನ್ ಥರ ಇದೆಯಲ್ಲ?

ಹೌದು, ಎಲ್ಲರೂ ಹಾಗೇ ಹೇಳುತ್ತಾರೆ. ನಾಲ್ಕು ಕಾಲಿನ ಸಣ್ಣ ಮೇಜು, ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಗುಂಡು ಸಲಾಕೆ, ಅದಕ್ಕೆ ಬಾರ್ ಎನ್ನುತ್ತೇವೆ. ಬಲಗೈ ಹೆಬ್ಬೆರಳಿಗೂ ಎರಡು ಬೆರಳಿಗೂ ಪಿಕ್. ಎಡಗಾಲಿನ ಕೆಳಗೆ ಮೂರು ಪೆಡಲ್, ಮೊಣಕಾಲಿನ ಪಕ್ಕ ನಾಲ್ಕೈದು ಲಿವರ್. ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಪೆಡಲ್ ತುಳಿದರೆ ಒಂದೋ ಎರಡೋ ತಂತಿಯ ಸ್ವರ ಮೇಲೇರುತ್ತದೆ, ಉಳಿದವು ಇದ್ದಲ್ಲೇ ಇರುತ್ತವೆ. ಸುಮ್ನೆ ಬಾರ್ ಜಾರಿಸುವ ಹವಾಯಿಯನ್ ಗಿಟಾರಿಗೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಆದರೆ ಅದು ದೊಡ್ಡ ವ್ಯತ್ಯಾಸ.

ಮೂಲ ಹವಾಯಿ ದ್ವೀಪ. 19ನೇ ಶತಮಾನದ ಕೊನೆಗೆ ಜೋಸೆಫ್ ಕೆಕುಕು ಎಂಬ ಹುಡುಗ ತಂತಿಯ ಮೇಲೆ ಉಕ್ಕು ಜಾರಿಸಿ ನುಡಿಸತೊಡಗಿದ ಎಂದು ಹೇಳುತ್ತಾರೆ. ನಮ್ಮ ದೇಶಕ್ಕೆ ಅದು ಮುಖ್ಯವಾಗಿ ಕಲ್ಕತ್ತೆಯ ದಾರಿಯಲ್ಲಿ ಬಂತು. ಸುನೀಲ್ ಗಂಗೂಲಿ ಅವರು ಹಿಂದಿ ಹಾಡುಗಳನ್ನು ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ರೆಕಾರ್ಡು, ಕ್ಯಾಸೆಟ್ಟು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಪೆಡಲ್ ಇರುವ ಜಾತಿ ಅಮೆರಿಕದ ಕಂಟ್ರಿ ಸಂಗೀತದಲ್ಲಿ ಬೆಳೆಯಿತು. 1954ರಲ್ಲಿ ಹೊರಬಂದ, ವೆಬ್ ಪಿಯರ್ಸ್ ಹಾಡಿದ ಒಂದು ಹಾಡಿಗೆ ಬಡ್ ಐಸಾಕ್ಸ್ ಪೆಡಲ್ ತುಳಿದು ಸ್ವರ ಬಾಗಿಸಿದ್ದು ಕೇಳಿ ಅಲ್ಲಿನ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೂ ಪೆಡಲ್ ಜೋಡಿಸಿಕೊಳ್ಳಲು ಹೊರಟರು.

ಹಿಂದೆ ನುಡಿಸುವುದು ಎಲ್ಲ ವಾದ್ಯಕ್ಕೂ ಒಂದೇ ಅಲ್ವಾ? ಸ್ಟೀಲಿಗೆ ಮಾತ್ರ ಏನು ತೊಂದರೆ?

ಇದಕ್ಕೆ ಒಂದು ಕಥೆ ಹೇಳಲೇಬೇಕು.

ಶುರುವಿನ ದಿನಗಳು. ಅಂಕೋಲೆಯ ಕಡೆ ಒಂದು ಶಾಲೆಯ ಮೈದಾನ. ಹಾಡುವವರು ಅಲ್ಲಿಯದೇ ಅಕ್ಕೋರು (ಟೀಚರ್), ಭಾವಗೀತೆ. ಎರಡನೇ ಚರಣ ನಿಧಾನ, ಪಂಚಮದಲ್ಲಿ ದನಿ ನಿಲ್ಲಿಸಿ ಅವರು ಉಸಿರು ತುಂಬಿಕೊಳ್ಳುತ್ತಿದ್ದರು. ನನಗೆ ತಡೆಯಲಿಲ್ಲ. ಪ ಇಂದ ಧ ಗೆ ಮೆಲ್ಲಗೆ ಎಳೆದುಬಿಟ್ಟೆ. ಚಂದವೇ ಬಂತು. ಆದರೆ ಅಕ್ಕೋರ ದನಿ ಒಂದು ಕ್ಷಣ ತಡವರಿಸಿತು. ಅವರು ಹೋಗಬೇಕಿದ್ದದ್ದು ಕೆಳಗೆ, ಗಾಂಧಾರಕ್ಕೆ. ಬಂದು ನಿಂತದ್ದು ನನ್ನ ಧೈವತದ ಮೇಲೆ. ಜನಕ್ಕೆ ಗೊತ್ತಾಗಲಿಲ್ಲ. ಮುಗಿದ ಮೇಲೆ ಚಾ ಲೋಟ ಹಿಡಿದು ಹತ್ತಿರ ಬಂದು ಕೇಳಿದರು: "ತಮಾ, ನಾ ಹಾಡುದಾ, ನೀ ಹಾಡುದಾ? ಅದೊಂದು ಮೊದ್ಲೇ ಹೇಳ್ಬಿಡು."

ತೊಂದರೆ ಇರುವುದು ಅಲ್ಲೇ. ಕೀಬೋರ್ಡ್, ಸಾದಾ ಗಿಟಾರ್, ತಬಲಾ ಯಾವುದೂ ಮನುಷ್ಯನ ದನಿಯ ಹಾಗೆ ಕೇಳುವುದಿಲ್ಲ. ಸ್ಟೀಲ್ ಕೇಳುತ್ತದೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಅದರ ಹುಟ್ಟುಗುಣ. ಹಾಡುವವರ ಪಕ್ಕ ಅದನ್ನು ಬಿಟ್ಟುಬಿಟ್ಟರೆ ವೇದಿಕೆಯ ಮೇಲೆ ಇಬ್ಬರು ಗಾಯಕರಾಗುತ್ತಾರೆ, ಒಬ್ಬರಿಗೆ ಸಾಹಿತ್ಯ ಇರುವುದಿಲ್ಲ ಅಷ್ಟೇ. ಆದ್ದರಿಂದ ಹಿಂದೆ ಕೂತಾಗ ಸ್ಟೀಲ್ ಹಾಡುವುದನ್ನು ನಿಲ್ಲಿಸಬೇಕು. ಅರ್ಧ ತಬಲಾ, ಅರ್ಧ ತಂಬೂರಿ ಆಗಬೇಕು.

ಅರ್ಧ ತಬಲಾ ಅಂದರೆ? ತಾಳ ಹೇಗೆ ಕೊಡುವುದು?

5, 6, 8ನೇ ತಂತಿ ಒಟ್ಟಿಗೆ ಹಿಡಿಯಿರಿ. ಹೆಬ್ಬೆರಳು 8ಕ್ಕೆ, ಉಳಿದೆರಡು 6ಕ್ಕೆ ಮತ್ತು 5ಕ್ಕೆ. ಮೂರನ್ನೂ ಒಟ್ಟಿಗೆ ಮೀಟಿದ ತಕ್ಷಣ ಅಂಗೈಯ ಕಿರುಬೆರಳ ಕಡೆಯ ಅಂಚನ್ನು ತಂತಿಯ ಮೇಲೆ ಒರಗಿಸಿ. ಸ್ವರ ಹುಟ್ಟಿ, ಊದಿಕೊಳ್ಳುವ ಮೊದಲೇ ಸಾಯಬೇಕು. 'ಠಕ್' ಎಂದು ಕೇಳಬೇಕು, ಆದರೆ ಆ ಠಕ್‌ನೊಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಯಾವುದೆಂದು ಗೊತ್ತಾಗಬೇಕು. ಇದು ಸರಿಯಾಗಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಕೆಹರವಾ ತಾಳ ಆದರೆ ಎಂಟು ಮಾತ್ರೆಯಲ್ಲಿ 3 ಮತ್ತು 7ರ ಮೇಲೆ ಹಾಕಿ. ಒಂದನೇ ಮಾತ್ರೆ ತಬಲಾದ ಎಡಗೈಯದು, ಬೇಸ್ ಗಿಟಾರ್ ಇದ್ದರೆ ಅವರದು. ಅಲ್ಲಿ ನೀವು ಬೀಳಬೇಡಿ. ದಾದರಾಕ್ಕೆ ನಾನು ಆರರಲ್ಲಿ ಒಂದೇ ಕಡೆ, ನಾಲ್ಕನೇ ಮಾತ್ರೆಯ ಮೇಲೆ ಮಾತ್ರ ಮುಟ್ಟುತ್ತೇನೆ. 2, 3, 5, 6 ಎಲ್ಲಕ್ಕೂ ಹಾಕಿದರೆ ಬ್ಯಾಂಡ್‌ಸೆಟ್ ಆಗುತ್ತದೆ. ರೂಪಕಕ್ಕೆ ಏಳು ಮಾತ್ರೆ, ಸುಮ್ನೆ ಎಣಿಸುತ್ತಾ ಕೂರುವುದಕ್ಕಿಂತ ತಬಲಾದವರ ಬಲಗೈ ನೋಡುವುದು ವಾಸಿ.

ಕಾರ್ಡ್ ಬದಲಿಸುವಾಗ ಬಾರ್ ಜಾರುವ ಸದ್ದು ಬರಬಾರದು. ಮೊದಲು ಅಂಗೈಯಿಂದ ತಂತಿ ಮುಚ್ಚಿ, ಆಮೇಲೆ ಬಾರ್ ಸರಿಸಿ, ಆಮೇಲೆ ಮೀಟಿ. ಜಾರಿಸಲೇಬೇಕೆಂಬ ಆಸೆಯಿದ್ದರೆ ಒಂದು ಚರಣಕ್ಕೆ ಒಂದು ಸಲ. ಹಾಗೇ ಎಡಗೈ ನಡುಗಿಸುವ ಚಟವನ್ನೂ ತಾಳದ ಹೊತ್ತಿಗೆ ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನರ್ಧ ತಂಬೂರಿ? ಪೆಡಲ್ ಯಾವಾಗ ತುಳಿಯಬೇಕು?

ಪೆಡಲ್ ಸ್ಟೀಲಿನ ಪುಸ್ತಕಗಳೆಲ್ಲ ಎ, ಬಿ, ಸಿ, ಡಿ ಲೆಕ್ಕದಲ್ಲಿವೆ. ನಮ್ಮವರಿಗೆ ಸ್ವರದಲ್ಲಿ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ. ನಾನು ಬಳಸುವುದು ಇ9 ಟ್ಯೂನಿಂಗ್. ಬಾರ್ ಇಟ್ಟ ಜಾಗವನ್ನೇ ಸ ಎಂದುಕೊಂಡರೆ ಮೇಲಿಂದ ಕೆಳಕ್ಕೆ ಹತ್ತು ತಂತಿ ಹೀಗೆ: ರಿ, ನಿ, ಗ, ಸ, ಪ, ಗ, ರಿ, ಸ, ಕೋಮಲ ನಿ, ಪ. ಮೊದಲೆರಡು ತಂತಿ ಯಾಕೆ ಅಡ್ಡಾದಿಡ್ಡಿ ಇವೆ ಎಂದು ಕೇಳಬೇಡಿ, ಅಭ್ಯಾಸವಾದ ಮೇಲೆ ಅವೇ ಬೇಕಾಗುತ್ತವೆ.

ಮೂರು ಪೆಡಲಿನ ಹೆಸರೂ ಎ, ಬಿ, ಸಿ. ಎ ಪೆಡಲ್ ಪ ವನ್ನು ಧ ಮಾಡುತ್ತದೆ. ಬಿ ಪೆಡಲ್ ಗ ವನ್ನು ಮ ಮಾಡುತ್ತದೆ. ಸಿ ಪೆಡಲ್ 4ನೇ ತಂತಿಯ ಸ ವನ್ನು ರಿ, 5ನೇ ತಂತಿಯ ಪ ವನ್ನು ಧ ಮಾಡುತ್ತದೆ. ಮೊಣಕಾಲ ಲಿವರುಗಳಲ್ಲಿ ಒಂದು ಸ ವನ್ನು ನಿ ಗೆ ಇಳಿಸುತ್ತದೆ, ಇನ್ನೊಂದು ಕೋಮಲ ರಿ ಗೆ ಏರಿಸುತ್ತದೆ.

ಈಗ ನೋಡಿ. ಹಾಡುವವರು ಸ ಹಿಡಿದು ನಿಂತಿದ್ದಾರೆ. ನೀವು 4, 5, 6ನೇ ತಂತಿ ಮೀಟಿದ್ದೀರಿ: ಸ, ಪ, ಗ. ಎ ಮತ್ತು ಬಿ ಒಟ್ಟಿಗೆ ನಿಧಾನ ಒತ್ತಿದರೆ ಪ ಧ ಆಗುತ್ತದೆ, ಗ ಮ ಆಗುತ್ತದೆ, ಸ ಮಾತ್ರ ಅಲ್ಲಾಡುವುದಿಲ್ಲ. ಅವರ ಸ್ವರ ಅಲ್ಲೇ ಇದೆ, ಕೆಳಗಿನ ನೆಲ ಬದಲಾಯಿತು. ಹಾಡುವವರಿಗೆ ಯಾರೋ ಕೈಹಿಡಿದ ಹಾಗಾಗುತ್ತದೆ. ಈ ವಾದ್ಯವನ್ನು ಹಿಮ್ಮೇಳಕ್ಕೆ ತರಲು ಇದೊಂದೇ ಕಾರಣ ಸಾಕು ಎನ್ನುವವನು ನಾನು. ಅವರು ನಿಂತಾಗ ನೀವು ಚಲಿಸಿ, ಅವರು ಚಲಿಸುವಾಗ ನೀವು ನಿಲ್ಲಿ. ಅಕ್ಕೋರ ಹಾಡಿಗೂ ಅವತ್ತು ಹೀಗೇ ಮಾಡಬಹುದಿತ್ತು: ಪ ನಿಂತಿದೆ, ಅದನ್ನು ಮುಟ್ಟದೆ ಲಿವರಿನಿಂದ ಸ ವನ್ನು ನಿ ಗೆ ಇಳಿಸುವುದು. ನನಗೆ ಆಗ ಹೊಳೆಯಲಿಲ್ಲ.

ರಾಗದ ಹಾಡಿಗೆ ಕಾರ್ಡ್ ಹಾಕಿದರೆ ಬೈಯುತ್ತಾರಲ್ಲ?

ಬೈಯಬೇಕಾದ್ದೇ. ಶಿರಸಿ, ಹೊನ್ನಾವರದ ಕಡೆ ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗಳು ಜಾಸ್ತಿ. ಮುಂದಿನ ಸಾಲಿನಲ್ಲಿ ಕೂತ ಅಡಿಕೆ ತೋಟದ ಹೆಗಡೇರು ಕಣ್ಣು ಮುಚ್ಚಿದ್ದರೂ ವರ್ಜ್ಯ ಸ್ವರ (ರಾಗದಲ್ಲಿ ಇಲ್ಲದ್ದು) ಬಿದ್ದ ಕೂಡಲೇ ಒಂದು ಕಣ್ಣು ತೆರೆಯುತ್ತಾರೆ.

ಭೂಪ ರಾಗದ ಮೇಲೆ ಕಟ್ಟಿದ ಭಾವಗೀತೆ ಎಂದುಕೊಳ್ಳಿ. ಸ ರಿ ಗ ಪ ಧ, ಮ ಮತ್ತು ನಿ ಇಲ್ಲ. ಗಿಟಾರಿನವರ ಮಾಮೂಲಿ ಮೂರು ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಎರಡನೆಯದರಲ್ಲಿ ಮ ಬರುತ್ತದೆ, ಮೂರನೆಯದರಲ್ಲಿ ನಿ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬಿ ಪೆಡಲ್ ಮುಟ್ಟಲೇಬೇಡಿ. ಎ ಒಂದನ್ನೇ ಒತ್ತಿ ಬಿಡಿ. ಬಿಟ್ಟರೆ ಸ ಗ ಪ, ಒತ್ತಿದರೆ ಸ ಗ ಧ. ಎರಡೂ ಭೂಪದೊಳಗೇ ಇವೆ. 2ನೇ ಮತ್ತು 9ನೇ ತಂತಿ ಮರೆತುಬಿಡಿ.

ದುರ್ಗಾ ಆದರೆ ಸರಿಯಾಗಿ ಉಲ್ಟಾ. ಸ ರಿ ಮ ಪ ಧ, ಅಲ್ಲಿ ಗ ಇಲ್ಲ. ಹಾಗಾಗಿ ಬಿ ಪೆಡಲ್ ಮೇಲಿಂದ ಕಾಲು ತೆಗೆಯಲೇಬೇಡಿ. ಅದನ್ನು ಒತ್ತಿಟ್ಟುಕೊಂಡೇ ಎ ಪೆಡಲ್ ಆಡಿಸಿ. ಸ ಮ ಪ, ಸ ಮ ಧ. ಹಾಡು ಮುಗಿಯುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತದೆ, ಆದರೆ ಹೆಗಡೇರು ಕಣ್ಣು ತೆರೆಯುವುದಿಲ್ಲ.

ಭೈರವಿಯಂಥದ್ದು ಬಂದರೆ, ಅಥವಾ ಯಾವ ಸ್ವರ ಬಿಡಬೇಕೆಂದು ಅನುಮಾನವಾದರೆ, ಸ ಮತ್ತು ಪ ಎರಡನ್ನೇ ನುಡಿಸಿ. 4, 5, 8, 10ನೇ ತಂತಿ. ಖಯಾಲ್ ಹಾಡುವವರ ಹಿಂದೆ ಕೂರಲು ಕರೆದರೆ ನಯವಾಗಿ ಬೇಡ ಎನ್ನಿ.

"ಕಪ್ಪು ನಾಲ್ಕು" ಎನ್ನುತ್ತಾರೆ. ಬಾರ್ ಎಲ್ಲಿಡಬೇಕು?

ಹಾಡುವವರು ತಮ್ಮ ಶ್ರುತಿ ಹೇಳುವ ಹಾರ್ಮೋನಿಯಂ ಲೆಕ್ಕ ಅದು. ಬಿಳಿ ಒಂದು ಎಂದರೆ ಸಿ, ಕಪ್ಪು ಒಂದು ಸಿ ಶಾರ್ಪ್, ಕಪ್ಪು ನಾಲ್ಕು ಜಿ ಶಾರ್ಪ್. ಗಂಡಸರು ಕಪ್ಪು ಒಂದರ ಆಸುಪಾಸು, ಹೆಂಗಸರು ಕಪ್ಪು ನಾಲ್ಕರ ಆಸುಪಾಸು ಹಾಡುವುದು ಜಾಸ್ತಿ. ಇದರಲ್ಲಿ ಒಂದು ಮಜಾ ಇದೆ. (ಫ್ರೆಟ್ ಎಂದರೆ ತಂತಿಯ ಕೆಳಗೆ ಗುರುತಿಗೆ ಎಳೆದ ಗೆರೆ.) ಕಪ್ಪು ನಾಲ್ಕು ಪೆಡಲ್ ಇಲ್ಲದೆ 4ನೇ ಫ್ರೆಟ್‌ನಲ್ಲಿ ಸಿಗುತ್ತದೆ. ಅದೇ 4ನೇ ಫ್ರೆಟ್‌ನಲ್ಲಿ ಎ ಮತ್ತು ಬಿ ಒತ್ತಿದರೆ ಕಪ್ಪು ಒಂದು. ಅಂದರೆ ಯುಗಳ ಗೀತೆಯಲ್ಲಿ ಪಲ್ಲವಿ ಹೆಣ್ಣು ದನಿಯ ಶ್ರುತಿಯಲ್ಲಿ, ಚರಣ ಗಂಡು ದನಿಯ ಶ್ರುತಿಯಲ್ಲಿ ಬಂದರೂ ಬಾರ್ ಎತ್ತುವ ಕೆಲಸವಿಲ್ಲ. ಕಪ್ಪು ನಾಲ್ಕು ಮೇಲೆಯೂ ಸಿಗುತ್ತದೆ: 7ನೇ ಫ್ರೆಟ್‌ನಲ್ಲಿ ಎ ಪೆಡಲ್ ಜೊತೆ ಸ ಏರಿಸುವ ಲಿವರ್, 11ರಲ್ಲಿ ಎ ಮತ್ತು ಬಿ.

ಹೆಣ್ಣು ದನಿ ತಾರಕ್ಕೆ ಹೋದಾಗ 3, 4ನೇ ತಂತಿ ಬಿಟ್ಟು ಕೆಳಗಿಳಿಯಿರಿ. ಗಂಡು ದನಿಯಾದರೆ ಕೆಳಗೆ ಜಾಗ ಕಡಿಮೆ, ಮೂರು ತಂತಿಯ ಬದಲು ಎರಡೇ ಮೀಟಿ, ದನಿಗಿಂತ ಸ್ವಲ್ಪ ಮೇಲೆ ತೆಳ್ಳಗೆ ಇರಿ.

ವಾಲ್ಯೂಮ್ ಪೆಡಲ್ ಎಷ್ಟು ತುಳಿಯಬೇಕು?

ಅರ್ಧಕ್ಕಿಟ್ಟು ಮೀಟಿ, ಸ್ವರ ಕರಗುತ್ತಾ ಬಂದ ಹಾಗೆ ಒತ್ತುತ್ತಾ ಹೋಗಿ. ಆಗ ಸ್ವರ ಉದ್ದ ನಿಲ್ಲುತ್ತದೆ. ಅದು ಇರುವುದು ಅದಕ್ಕೇ. ಪ್ರತಿ ಕಾರ್ಡಿಗೂ ಸೊನ್ನೆಯಿಂದ ಎತ್ತಿ 'ಊಂ, ಊಂ' ಮಾಡುವವರಿದ್ದಾರೆ, ಬೈತಖೋಲ ಬಂದರಿನ ಬೋಟಿನ ಹಾಗೆ. ತಾಳ ಕೊಡುವಾಗ ಬಲಗಾಲನ್ನು ಅಲ್ಲಾಡಿಸಲೇಬೇಡಿ.

ಹಾಗಾದರೆ ನಮಗೆ ಹಾಡಿನ ಮಧ್ಯೆ ಬಿಟ್ಸ್ (ಸಣ್ಣ ತುಣುಕು) ನುಡಿಸುವ ಅವಕಾಶವೇ ಇಲ್ಲವಾ?

ಇದೆ. ಸಾಲು ಮುಗಿದು, ಹಾಡುವವರು ಉಸಿರು ತೆಗೆದುಕೊಂಡು, ಮುಂದಿನ ಸಾಲು ಎತ್ತುವವರೆಗೆ. ಸಮಸ್ಯೆ ಏನೆಂದರೆ ಆ ಜಾಗಕ್ಕೆ ಕೊಳಲಿನವರೂ ಕೀಬೋರ್ಡಿನವರೂ ಕಾದಿರುತ್ತಾರೆ. ಚಾ ಕುಡಿಯುವಾಗಲೇ ಮಾತಾಡಿಕೊಳ್ಳಿ: ಮೊದಲ ಚರಣ ಕೊಳಲಿಗೆ, ಎರಡನೆಯದು ನಿಮಗೆ. ನಿಮ್ಮ ಸರದಿ ಅಲ್ಲದಾಗ ಠಕ್ ಠಕ್ ಅಷ್ಟೇ. ನಿಮ್ಮ ಸರದಿಯಲ್ಲೂ ಮುಂದಿನ ಸಾಲಿನ ಮೊದಲ ಸ್ವರಕ್ಕಿಂತ ಒಂದು ಮಾತ್ರೆ ಮೊದಲೇ ನಿಲ್ಲಿಸಿ. ಅದಕ್ಕೆ ಸಾಹಿತ್ಯ ಬಾಯಿಗೆ ಬರಬೇಕು. ನಾನು ಹಾಡಿನ ಪೂರ್ತಿ ಸಾಹಿತ್ಯ ಬರೆದುಕೊಂಡು ಉಸಿರಿನ ಜಾಗದಲ್ಲಿ ಗೆರೆ ಎಳೆದಿರುತ್ತೇನೆ. ಕಾರ್ಡ್ ಬರೆದುಕೊಳ್ಳುವುದು ಆಮೇಲೆ.

ಇದನ್ನೆಲ್ಲ ಎಲ್ಲಿ ಕಲಿಯುವುದು? ಇಲ್ಲಿ ಗುರುಗಳೇ ಇಲ್ಲವಲ್ಲ?

ಪೆಡಲ್ ತುಳಿಯುವುದನ್ನು ಇಂಟರ್ನೆಟ್‌ನಲ್ಲಿ ನೋಡಿ ಕಲಿಯಬಹುದು. ಹಿಂದೆ ಕೂರುವುದನ್ನು ಕಲಿಯಲು ಆಟಕ್ಕೆ ಹೋಗಿ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮದ್ದಳೆಯವರನ್ನು ನೋಡಿ.

ಹೊನ್ನಾವರದ ಹತ್ತಿರ ಒಂದು ರಾತ್ರಿ ರಂಗಸ್ಥಳದ ಪಕ್ಕದಲ್ಲೇ ಕೂತಿದ್ದೆ. ಭಾಗವತರು ಕರುಣರಸದ ಪದ ಎತ್ತಿದರು. ಚಂಡೆಯವರು ಕೋಲು ಕೆಳಗಿಟ್ಟು ಕವಳ ಹಾಕಿಕೊಂಡರು. ಮದ್ದಳೆಯವರ ಎಡ ಅಂಗೈ ಚರ್ಮದ ಮೇಲೆ ಹಾಗೇ ಒರಗಿತ್ತು. ಬಲಗೈಯ ತೋರುಬೆರಳು ಮಾತ್ರ ಅಂಚಿನಲ್ಲಿ ಮುಟ್ಟಿ ಮುಟ್ಟಿ ಬರುತ್ತಿತ್ತು. ಕಣ್ಣು ಪೂರ್ತಿ ಭಾಗವತರ ಬಾಯಿಯ ಮೇಲೆ. ಭಾಗವತರು ಒಂದು ಸ್ವರವನ್ನು ಎಳೆದರು, ಎಳೆದರು, ಬೆರಳು ನಿಂತೇಬಿಟ್ಟಿತು. ಅವರು ತಾಳಕ್ಕೆ ಮರಳಿದ ಕ್ಷಣಕ್ಕೆ ಬೆರಳು ಅಲ್ಲೇ ಇತ್ತು. ಸ್ಟೀಲಿನಲ್ಲಿ ಅಂಗೈ ಒರಗಿಸುವ ಪಾಠ ನಾನು ಎಷ್ಟೋ ವಿಡಿಯೋದಲ್ಲಿ ನೋಡಿದ್ದೆ. ಅದು ಯಾಕೆ ಬೇಕು ಎನ್ನುವುದು ತಿಳಿದದ್ದು ಆ ರಾತ್ರಿ.

ಮನೆಯಲ್ಲಿ ಅಭ್ಯಾಸಕ್ಕೆ ಕರೋಕೆ ಬೇಡ. ಮನೆಯವರ ಹತ್ತಿರ, ಅಕ್ಕನ ಹತ್ತಿರ, ಯಾರ ಹತ್ತಿರವಾದರೂ ಬರೀ ದನಿಯಲ್ಲಿ ಹಾಡಿಸಿ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಅದರ ಕೆಳಗೆ ಎರಡೇ ತಂತಿಯಲ್ಲಿ ನುಡಿಸಿ. ಅದನ್ನೂ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಸಾಹಿತ್ಯದ ಒಂದು ಅಕ್ಷರ ಕೇಳದಿದ್ದರೂ ತಪ್ಪು ನಿಮ್ಮದು.

ಹಾರ್ಮೋನಿಯಂ ಜೊತೆ ನನ್ನ ಗಾಂಧಾರ ಹೊಂದುವುದೇ ಇಲ್ಲ. ಕಿವಿ ಸರಿ ಇಲ್ಲವಾ?

ಕಿವಿ ಸರಿ ಇರುವುದರಿಂದಲೇ ಹಾಗಾಗುತ್ತಿದೆ. ಹಾರ್ಮೋನಿಯಂ, ಕೀಬೋರ್ಡುಗಳಲ್ಲಿ ಹನ್ನೆರಡು ಸ್ವರವನ್ನೂ ಸಮವಾಗಿ ಹಂಚಿರುತ್ತಾರೆ. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಅರ್ಧ ಸ್ವರದ ನೂರರಲ್ಲಿ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಸ್ಟೀಲ್ ನುಡಿಸುವವರಲ್ಲಿ ಬಹಳ ಜನ ಗ ತಂತಿಯನ್ನು ಕಿವಿಯಿಂದ ಕೆಳಕ್ಕೇ ಇಟ್ಟುಕೊಳ್ಳುತ್ತಾರೆ. ಬರೀ ದನಿ, ತಂಬೂರಿ, ತಬಲಾ ಇದ್ದರೆ ಸ್ವರ್ಗ. ಕೀಬೋರ್ಡ್ ಬಂದ ಕೂಡಲೇ ಜಗಳ.

ನನ್ನ ಉಪಾಯ ಸರಳ. ಕೀಬೋರ್ಡಿನವರು ಗ ಹಿಡಿದಿದ್ದರೆ ನಾನು 3 ಮತ್ತು 6ನೇ ತಂತಿ ಮುಟ್ಟುವುದಿಲ್ಲ. ಅವರ ಗ ಅವರಿಗಿರಲಿ. ಎಲ್ಲಾ ತಂತಿಯನ್ನೂ ಶ್ರುತಿ ತೋರಿಸುವ ಮಷಿನ್ ನೋಡಿ ಸಮಕ್ಕೆ ಇಟ್ಟುಕೊಳ್ಳಿ ಎನ್ನುವವರೂ ಇದ್ದಾರೆ. ಇಟ್ಟು ನೋಡಿದ್ದೇನೆ, ಒಂದೇ ಕಾರ್ಯಕ್ರಮಕ್ಕೆ ಸಾಕಾಯಿತು.

ಶಿರಸಿಗೆ ಹೋದರೆ ಶ್ರುತಿ ಏರುತ್ತದೆ, ಯಾಕೆ?

ಕುಮಟೆಯಲ್ಲಿ ಬೆವರು ಸುರಿಯುವಾಗ ಶ್ರುತಿ ಮಾಡಿ ದೇವಿಮನೆ ಘಟ್ಟ ಹತ್ತಿದರೆ ಮೇಲೆ ಚಳಿ. ಉಕ್ಕಿನ ತಂತಿ ತಣ್ಣಗಾದರೆ ಕುಗ್ಗಿ ಬಿಗಿಯಾಗುತ್ತದೆ. ತಲುಪಿದ ಕೂಡಲೇ ಪೆಟ್ಟಿಗೆ ತೆರೆದು ಅರ್ಧ ಗಂಟೆ ಹಾಗೇ ಬಿಡಿ, ಆಮೇಲೆ ಕಿವಿ ಹಿಂಡಿ.

ಕರಾವಳಿಯ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದಲ್ಲ?

ಹಿಡಿಯುತ್ತದೆ. ಟಾಗೋರ್ ಕಡಲತೀರದಲ್ಲಿ ಒಂದು ಸಂಜೆ ನುಡಿಸಿದರೆ ಮಾರನೇ ದಿನಕ್ಕೆ ಕೆಳಗಿನ ಸುತ್ತು ತಂತಿಗಳು ಮಂಕಾಗಿರುತ್ತವೆ. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ಒಂದೊಂದೇ ತಂತಿ ಒರೆಸಿ, ತಳಭಾಗವನ್ನೂ ಸೇರಿಸಿ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಕೆಳಗಿನ ಸರಳು, ಕೀಲುಗಳಿಗೆ ತೆಳು ಎಣ್ಣೆ ಒಂದೊಂದು ಹನಿ. ನಾನು ಹಾಕುವುದು ಹೊಲಿಗೆ ಮಷಿನ್ ಎಣ್ಣೆ. ಜನ ಹೇಳುವುದರಲ್ಲೂ ಸತ್ಯವಿದೆ ನೋಡಿ. ಎಲ್ಲಕ್ಕಿಂತ ಮೊದಲು ಹರಿಯುವುದು ತೆಳ್ಳಗಿನ 3ನೇ ತಂತಿ. ಜೇಬಲ್ಲಿ ಎರಡು ಇಟ್ಟುಕೊಂಡೇ ಮನೆ ಬಿಡಿ.

ಪೆಡಲ್ ಸ್ಟೀಲ್ ಇಲ್ಲ, ಅಪ್ಪನ ಹಳೇ ಹವಾಯಿಯನ್ ಗಿಟಾರ್ ಇದೆ. ನಡೆಯುತ್ತದಾ?

ಚೆನ್ನಾಗಿ ನಡೆಯುತ್ತದೆ. ಪೆಡಲ್ ಸ್ಟೀಲ್ ಇಲ್ಲಿ ಅಂಗಡಿಗೆ ಹೋಗಿ ಕೈಗೆ ಹಿಡಿದು ತರುವ ವಾದ್ಯವಲ್ಲ. ನನ್ನದು ಹಡಗಿನ ಕೆಲಸದಲ್ಲಿದ್ದ ನೆಂಟರೊಬ್ಬರು ತಂದುಕೊಟ್ಟದ್ದು. ಆರು ತಂತಿಯಲ್ಲೂ ಠಕ್ ಬರುತ್ತದೆ, ಸ ಪ ಬರುತ್ತದೆ. ಒಂದು ಸ್ವರ ನಿಲ್ಲಿಸಿ ಇನ್ನೊಂದನ್ನು ಏರಿಸಲು ಬಾರ್ ಓರೆ ಹಿಡಿಯುವುದು ಕಲಿಯಬೇಕು. ಬೆನ್ನಿಗೂ ಒಳ್ಳೆಯದು. ನನ್ನದು ಪೆಟ್ಟಿಗೆ ಸಮೇತ ಇಪ್ಪತ್ತು ಕೆಜಿ ಮೀರುತ್ತದೆ, ಬಸ್ಸಿನ ಕಂಡಕ್ಟರ್ ಪ್ರತಿ ಸಲ ಒಳಗೇನಿದೆ ಎಂದು ಕೇಳುತ್ತಾರೆ.

ಹಾಡುವವರೇ ತಾಳ ತಪ್ಪಿದರೆ?

ಅವರ ಜೊತೆ ನೀವೂ ತಪ್ಪಿ. ತಬಲಾದವರನ್ನು ನೋಡಿ ಇಬ್ಬರೂ ಒಂದೇ ಕಡೆ ತಪ್ಪಿ.

ಮೈಕ್‌ಸೆಟ್‌ನವರು ಸ್ಟೀಲ್ ಸದ್ದು ಜಾಸ್ತಿ ಇಡುತ್ತಾರೆ, ಏನು ಮಾಡಲಿ?

ಹೊಸ ವಾದ್ಯ, ಜನಕ್ಕೆ ಕೇಳಲಿ ಎಂಬ ಪ್ರೀತಿ ಅವರಿಗೆ. ಶುರುವಾಗುವ ಮೊದಲೇ ಹೋಗಿ ಹೇಳಿ: ತಬಲಾದ ದಾಯಾಕ್ಕಿಂತ (ಬಲಗೈಯ ತಬಲಾ) ಕೆಳಗೆ, ರಿವರ್ಬ್ ಕಾಲುಭಾಗ. ಆಂಪ್ಲಿಫೈಯರ್ ಹಾಡುವವರ ಕಿವಿಗೆ ನೇರ ಇಡಬೇಡಿ, ನಿಮ್ಮ ಹಿಂದೆ ಓರೆಯಾಗಿಡಿ.

ಒಂದು ಹಾಡಿಗೆ ಏನೂ ನುಡಿಸದೆ ಕೂರಬಹುದಾ?

ಕೂರಬಹುದು. ತಂಬೂರಿ, ದನಿ, ತಬಲಾ ಮೂರೇ ಸಾಕಾಗುವ ಹಾಡುಗಳಿವೆ. ಮೊನ್ನೆ ಸದಾಶಿವಗಡದ ಕಡೆ ಹೀಗೇ ಎರಡು ಹಾಡಿಗೆ ಕೈಕಟ್ಟಿ ಕೂತಿದ್ದೆ. ಮೂರನೆಯದು ಶುರುವಾಗುವ ಮೊದಲು ಸಂಘಟಕರು ಬಗ್ಗಿ ವೇದಿಕೆಯ ಬದಿಯಿಂದ ಬಂದು ಕಿವಿಯಲ್ಲಿ ಕೇಳಿದರು: "ಏನಾಯ್ತು ಮಾರಾಯ್ರೆ, ಮಷಿನ್ ಹಾಳಾಯ್ತಾ?"

ಹೂಂ ಎಂದೆ.